ಕುಡಿಯದವನ ವಿಸ್ಕಿ ಪರೀಕ್ಷೆ

ಕುಡಿಯದವನು ವಿಸ್ಕಿ ಮಾರಲು ನಿಂತರೆ ಇಂಥವು ಆಗುತ್ತಲೇ ಇರುತ್ತವೆ. ನನಗಂತೂ ವಾರಕ್ಕೊಂದು ಆಗುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಗಲ್ಫಿಗೆ ಹೋಗಿ ಮನಾಮಾ ಪಟ್ಟಣದ ಒಂದು ಮದ್ಯದಂಗಡಿಗೆ ಸೇಲ್ಸ್‌ಮನ್ ಆಗಿ ಸೇರಿದ್ದೆ. ಮೂರು ತಿಂಗಳು ನೋಡುತ್ತಾರೆ. ಒಪ್ಪಿಗೆಯಾದರೆ ಕಾಯಂ, ಇಲ್ಲವಾದರೆ ಬೊಂಬಾಯಿ ವಿಮಾನ. ಮ್ಯಾನೇಜರು ಸ್ಕಾಟ್ಲೆಂಡಿನ ಡಿಸ್ಟಿಲರಿಗಳ ಮೇಲಿನ ದಪ್ಪ ಪುಸ್ತಕವೊಂದನ್ನು ಕೈಗಿಟ್ಟು, "ಕುಡಿಯದಿದ್ದರೆ ಓದಾದರೂ ಓದು" ಎಂದರು. ಗುಫೂಲ್ ಬಡಾವಣೆಯ ನನ್ನ ಬಾಡಿಗೆ ರೂಮಿನಲ್ಲಿ ಕೂತು ಮಗ್ಗಿಯ ಹಾಗೆ ಉರು ಹೊಡೆದೆ.

೧. ಚರಿತ್ರೆ

ಟುಬ್ಲಿಯ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರು, ನಮ್ಮ ಮಂಗಳೂರು ಕಡೆಯವರೇ, ಒಂದು ಬಾಟ್ಲಿ ಕೇಳಿದರು. ನಾನು ಮೊದಲು ಚರಿತ್ರೆ ಕೊಟ್ಟೆ: "ಹಿಂದೆಲ್ಲ ಸ್ಕಾಟ್ಲೆಂಡಿನವರು ತೆರಿಗೆಯವರ ಕಣ್ಣು ತಪ್ಪಿಸಿ ಗುಡ್ಡದ ಸಂದಿಯಲ್ಲಿ ಕಳ್ಳಭಟ್ಟಿ ಇಳಿಸ್ತಿದ್ರು. ಆಮೇಲೆ ಲೈಸೆನ್ಸ್ ತಗೊಂಡು ದೊಡ್ಡ ಡಿಸ್ಟಿಲರಿ ಕಟ್ಟಿದ್ರು."

ಅವರು ಗಂಭೀರವಾಗಿ ತಲೆದೂಗಿದರು. "ನಮ್ಮ ಮಾವನದ್ದೂ ಅರ್ಧ ಚರಿತ್ರೆ ಆಗಿದೆ ಮಾರಾಯ್ರೆ. ಲೈಸೆನ್ಸ್ ಒಂದು ಬಾಕಿ."

೨. ಹೊಗೆ

ಸಿತ್ರಾದ ವೆಲ್ಡರ್ ಒಬ್ಬರು ಬಿರಡೆ ತೆಗೆದ ಬಾಟ್ಲಿಯನ್ನು ವಾಪಸು ತಂದರು. "ಇದು ಅಡಿ ಹಿಡಿದಿದೆ. ಬೇರೆ ಕೊಡಿ."

ಹಾಳಾದದ್ದಲ್ಲ, ಇದನ್ನು ಮಾಡುವ ಸ್ಕಾಟ್ಲೆಂಡಿನ ದ್ವೀಪದಲ್ಲಿ ಜೌಗಿನ ಮಣ್ಣಿನ ಹೆಂಟೆ ಸುಟ್ಟು ಅದರ ಹೊಗೆಯಲ್ಲೇ ಬಾರ್ಲಿ ಒಣಗಿಸುತ್ತಾರೆ, ಹೊಗೆಯೇ ಅದರ ಗುಣ, ಅದಕ್ಕೇ ದುಬಾರಿ ಎಂದೆಲ್ಲ ವಿವರಿಸಿದೆ.

"ಹಗಲಿಡೀ ನಾನು ಕುಡಿಯುವ ಹೊಗೆಗೆ ಕಂಪೆನಿ ಸಂಬಳ ಕೊಡ್ತದೆ," ಎಂದರು ಅವರು. "ಸಂಜೆ ಹೊಗೆಗೆ ನಾನೇ ಎಂತಕ್ಕೆ ದುಡ್ಡು ಕೊಡುದು?"

೩. ಪೀಪಾಯಿ

ಮೂರನೇ ತಿಂಗಳ ಕೊನೆಗೆ ಸ್ಕಾಟ್ಲೆಂಡಿನ ಡಿಸ್ಟಿಲರಿಯಿಂದ ಹಿರಿಯರೊಬ್ಬರು ಬಂದರು. "ಇವರು ಒಪ್ಪಿದರೆ ನೀನು ಕಾಯಂ" ಎಂದು ಮ್ಯಾನೇಜರು ನನ್ನನ್ನು ಅವರೆದುರು ನಿಲ್ಲಿಸಿದರು. ತೊರೆಯ ನೀರು, ಬಾರ್ಲಿ, ತಾಮ್ರದ ಹಂಡೆ, ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರಿಸಿದೆ. ಆಗ ಅವರು ಕಣ್ಣು ಕಿರಿದು ಮಾಡಿ ಕೇಳಿದರು: "ಬೀಗ ಹಾಕಿದ ಗೋದಾಮಿನಲ್ಲಿ ವಿಸ್ಕಿ ಕಡಿಮೆಯಾಗಿದೆ. ಯಾರು ಕುಡಿದದ್ದು?"

ನಾನು ಕೈಮುಗಿದೆ. "ಸರ್, ತಾಯಾಣೆ ನಾನಲ್ಲ! ಬೀಗದ ಕೈ ಇರುವುದು ಮ್ಯಾನೇಜರ ಹತ್ತಿರ!"

ಮ್ಯಾನೇಜರು ಕೆಂಪಾದರು. ಹಿರಿಯರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮರದ ಪೀಪಾಯಿಯಿಂದ ವರ್ಷವರ್ಷವೂ ಒಂದಿಷ್ಟು ಆವಿಯಾಗಿ ಹೋಗುತ್ತದಂತೆ. ಅದು ದೇವದೂತರ ಪಾಲಂತೆ. ಪುಸ್ತಕದ ಕೊನೆಯ ಆ ಪಾಠಕ್ಕೆ ನಾನು ಬಂದೇ ಇರಲಿಲ್ಲ. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಹಿರಿಯರು ಕಣ್ಣೊರೆಸಿಕೊಂಡು ಮ್ಯಾನೇಜರಿಗೆ ಹೇಳಿದರು: "ಇವನನ್ನು ಇವತ್ತೇ ಕಾಯಂ ಮಾಡಿ. ನಮ್ಮಲ್ಲಿ ವಿಸ್ಕಿ ಕಡಿಮೆಯಾದಾಗಲೆಲ್ಲ ಎಲ್ಲರೂ ದೇವದೂತರ ಮೇಲೆ ಹಾಕಿ ಜಾರಿಕೊಳ್ಳುತ್ತಾರೆ. ಮ್ಯಾನೇಜರ ಹೆಸರು ಹೇಳುವ ಧೈರ್ಯ ಬಂದದ್ದು ಇವನೊಬ್ಬನಿಗೇ!"