ಸ್ವಿಸ್ ಮನೆಯ ಮೂರನೇ ಕೈ

ಬೇಡವೆಂದರೂ ಕೆಲವು ಕೆಲಸಗಳನ್ನು ನಾನು ದಿನಾ ಪೂಜಿಸುವ ಗುರು ರಾಯರು ನಮ್ಮ ತಲೆಗೇ ಕಟ್ಟುತ್ತಾರೆ. ವಾದವೆಂದರೆ ಮಾರು ದೂರ ಸರಿಯುವ ನನ್ನನ್ನು ಕೆನಡಾದ ಸ್ಟ್ರೀಟ್ಸ್‌ವಿಲ್‌ಗೆ ತಂದು ಕೂರಿಸಿದ್ದು ಸ್ವಿಸ್ ದಂಪತಿಗಳ ಪಕ್ಕದ ಮನೆಯಲ್ಲಿ. ಅವರಿಗೆ ಚರ್ಚೆ ಎಂದರೆ ಬೆಳಗಿನ ಕಾಫಿ ಇದ್ದ ಹಾಗೆ, ಕುಡಿಯದೆ ದಿನ ಶುರುವಾಗದು. ಬೇಲಿಯಾಚೆ ವಾರಕ್ಕೊಂದಾದರೂ ಪ್ರಸಂಗ ನಡೆಯುತ್ತಿತ್ತು. ಈಗ ನೆನೆದರೆ ನಗು ಬರುವ ಹೊತ್ತಿಗೇ ಕಣ್ಣೂ ತುಂಬುತ್ತದೆ. ಅದೂ ರಾಯರ ಇಚ್ಛೆ.

ಎರಡು ಕೈ ಅಸಿಂಧು

ನಾನು ರಿಟೈರ್ ಆದ ಹೊಸತು. ಪಕ್ಕದ ಮನೆ ಯಜಮಾನರು ಚೀಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಅವರ ಹೆಂಡತಿ ಹೊಲಿಗೆ ಹೇಳಿಕೊಡುತ್ತಿದ್ದಾಕೆ. ಅವರ ಊರಿನ ಚೌಕದಲ್ಲಿ ವರ್ಷಕ್ಕೊಮ್ಮೆ ಜನರೆಲ್ಲ ಸೇರಿ, ಕೈ ಎತ್ತಿ ಕಾನೂನು ಮಾಡುತ್ತಾರಂತೆ. ಆ ಪದ್ಧತಿಯನ್ನು ಇಬ್ಬರೂ ಇಲ್ಲಿನ ಅಡಿಗೆಮನೆಗೆ ತಂದಿದ್ದರು. ಪರದೆಯ ಬಣ್ಣಕ್ಕೂ ಕೈ ಎತ್ತಬೇಕು, ಸೂಪಿನ ಉಪ್ಪಿಗೂ ಕೈ ಎತ್ತಬೇಕು. ಮನೆಯಲ್ಲಿ ಇರುವುದೇ ಇಬ್ಬರು. ಆಕೆ ಹೌದೆಂದರೆ ಈತ ಅಲ್ಲ. ಪ್ರತಿ ಸಲವೂ ಒಂದಕ್ಕೆ ಒಂದು, ಸಮ.

ಒಂದು ಭಾನುವಾರ ಬೇಲಿಯ ಮೇಲಿಂದ ಯಜಮಾನರ ಕರೆ ಬಂತು. "ನೆರೆಯವರೇ, ಸ್ವಲ್ಪ ಬನ್ನಿ. ನೀವು ಪೂಜೆ ಪುನಸ್ಕಾರದವರು, ಸುಳ್ಳು ಹೇಳೋದಿಲ್ಲ."

ವಿಷಯ ಹುಲ್ಲಿನದು. ಭಾನುವಾರ ಸದ್ದು ಮಾಡುವುದು ಅವರ ದೇಶದಲ್ಲಿ ಮಹಾಪರಾಧ. ಭಾನುವಾರ ಹುಲ್ಲು ಕತ್ತರಿಸುವ ಯಂತ್ರ ಮುಟ್ಟಲಾರೆ ಎಂದು ಯಜಮಾನರು. "ಇದು ಕೆನಡಾ. ಇವತ್ತು ಭಾನುವಾರ ಅಂತ ಹುಲ್ಲಿಗೆ ಗೊತ್ತಾ?" ಎಂದು ಆಕೆ.

"ನೀವಿಬ್ಬರೂ ಹೇಳೋದು ಸರಿಯಾಗೇ ಇದೆ" ಎಂದೆ.

"ಅದೆಲ್ಲ ನಡೆಯಲ್ಲ. ಭಾನುವಾರ ಕತ್ತರಿಸಬಹುದು ಅನ್ನೋರು ಕೈ ಎತ್ತಿ" ಎಂದರು ಯಜಮಾನರು.

ನಾನು ಕೈ ಎತ್ತುವುದು ಗುಡಿಯಲ್ಲಿ ಗೋವಿಂದಾ ಅನ್ನುವಾಗ ಮಾತ್ರ. ಅಭ್ಯಾಸಬಲ, ಎರಡೂ ಕೈ ಮೇಲೆ ಹೋದವು. ಯಜಮಾನರು ಕನ್ನಡಕ ಸರಿಪಡಿಸಿಕೊಂಡು ನೋಡಿ, "ಒಬ್ಬರಿಗೆ ಒಂದೇ ಮತ. ಇದು ಅಸಿಂಧು. ವಿಷಯ ಬಾಕಿ" ಎಂದು ತೀರ್ಪು ಕೊಟ್ಟರು.

ಆಕೆ ನಗುತ್ತಾ ನನಗೆ ಕೇಕು ಕೊಟ್ಟಳು. "ಬೇಜಾರು ಮಾಡ್ಕೋಬೇಡಿ. ನಾನು ಊರು ಬಿಟ್ಟಾಗ ಆ ಚೌಕದಲ್ಲಿ ಹೆಂಗಸರಿಗೆ ಒಂದು ಕೈ ಎತ್ತೋಕೂ ಬಿಡ್ತಿರಲಿಲ್ಲ. ನಿಮಗೆ ಎರಡಿವೆ."

ರಜೆ ಬೇಡ

ದೂರ ನೆಲೆಸಿದ ಪ್ರಜೆಗಳೂ ಮತ ಹಾಕಲೆಂದು ಅವರ ದೇಶದಿಂದ ಆಗಾಗ ಅಂಚೆಯಲ್ಲಿ ಮತಪತ್ರ ಬರುತ್ತಿತ್ತು. ಬಂದ ವಾರವೆಲ್ಲ ಅವರ ಮನೆಯ ಕಿಟಕಿ ನಮಗೆ ಅಸೆಂಬ್ಲಿ ಇದ್ದ ಹಾಗೆ. 2012ರಲ್ಲಿ ಬಂದದ್ದು ರಜೆಯ ವಿಷಯ. ದುಡಿಯುವವರಿಗೆಲ್ಲ ವರ್ಷಕ್ಕೆ ಇನ್ನೂ ಎರಡು ವಾರ ರಜೆ ಕೊಡೋಣವೇ ಎಂದು ಜನರನ್ನೇ ಕೇಳಿದ್ದರು. ಜನ ಬೇಡ ಎಂದುಬಿಟ್ಟರು.

ಆಕೆಗೆ ಸಿಟ್ಟೋ ಸಿಟ್ಟು. "ನಿನ್ನಂಥೋರು ಇರೋದ್ರಿಂದಲೇ ಹೀಗಾಗಿದ್ದು. ಮದುವೆಯಾದ ಮೇಲೆ ಒಂದು ಸಲ ರಜೆ ಹಾಕಿ ಸರೋವರಕ್ಕೆ ಕರ್ಕೊಂಡು ಹೋಗಿದ್ಯಾ?"

"ಹೋಗಿದ್ವಲ್ಲ."

"ಅದು ಕಾರ್ಖಾನೆಯ ಪಿಕ್ನಿಕ್ಕು."

ಇದನ್ನು ಮನೆಗೆ ಬಂದು ನಮ್ಮವಳಿಗೆ ಹೇಳಿದೆ. ಅವಳು ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿದಳು. "ರೀ, ಬಾಸ್ ಬೇಡ ಅಂದ್ರೆ ಅರ್ಥ ಆಗತ್ತೆ. ರಜೆ ತಗೊಳ್ಳೋರೇ ಬೇಡ ಅಂದ್ರಾ?" ಎಂದು ಕೇಳಿ, ಮತ್ತೆ ಬತ್ತಿ ಹೊಸೆಯುತ್ತಾ, "ಪಾಪ, ಆ ಗಂಡಸರಿಗೆಲ್ಲ ಮನೆಯಲ್ಲಿ ಏನು ಕಷ್ಟ ಇದೆಯೋ" ಎಂದಳು.

ಹೊರಗಿನವರು

ಎರಡು ವರ್ಷ ಕಳೆದು ಬಂದದ್ದು ದೊಡ್ಡ ವಿಷಯ. ದೇಶಕ್ಕೆ ಬರುವ ಹೊರಗಿನವರ ಸಂಖ್ಯೆಗೆ ಮಿತಿ ಹಾಕಬೇಕೋ ಬೇಡವೋ. ಅಷ್ಟು ಹೊತ್ತಿಗೆ ಆಕೆಗೆ ಕಾಯಿಲೆ ಪತ್ತೆಯಾಗಿತ್ತು. ಕೀಮೋ ಆಗಿ ತಲೆಗೆ ಉಣ್ಣೆಯ ಟೋಪಿ ಬಂದಿತ್ತು. ದನಿ ಮಾತ್ರ ಹಾಗೇ ಇತ್ತು.

ಯಜಮಾನರು ಮಿತಿಯ ಪರ. "ಚಿಕ್ಕ ದೇಶ. ಎಷ್ಟು ಜನಾಂತ ಹಿಡಿಸತ್ತೆ?"

ಆಕೆ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ನೀನು ಎಲ್ಲಿದ್ದೀಯ ಈಗ?"

"ಸ್ಟ್ರೀಟ್ಸ್‌ವಿಲ್‌ನಲ್ಲಿ."

"ಇಲ್ಲಿ ಹುಟ್ಟಿದ್ಯಾ?"

"ಇಲ್ಲ."

"ನಿನ್ನೆದುರು ಕೂತು ಕೇಕ್ ತಿಂತಿರೋ ಇವರು?"

ನಾನು ಕೇಕು ಕೆಳಗಿಟ್ಟೆ. ಯಜಮಾನರು ಗಾಬರಿಯಾದರು. "ಇವರು ಹೊರಗಿನವರಲ್ಲ, ನೆರೆಯವರು."

ಆ ಮತದಾನದಲ್ಲಿ ಮಿತಿಯ ಪರದವರೇ ಕೂದಲೆಳೆಯ ಅಂತರದಲ್ಲಿ ಗೆದ್ದರು. ಗೆದ್ದ ದಿನ ಯಜಮಾನರ ಮುಖದಲ್ಲಿ ಕಳೆಯಿರಲಿಲ್ಲ. ಆಕೆಯ ವರದಿಯೂ ಅವತ್ತೇ ಬಂದಿತ್ತು, ಒಳ್ಳೆಯದೇನೂ ಅದರಲ್ಲಿರಲಿಲ್ಲ. ಆಕೆ ಅವರ ಕೈ ತಟ್ಟಿ ಹೇಳಿದಳು, "ಹೆದರಬೇಡ. ನಿನ್ನನ್ನ ಈ ದೇಶದಲ್ಲಿ ಇಟ್ಕೊಳ್ಳಬೇಕು ಅಂತ ನಾನು ಕೈ ಎತ್ತುತ್ತೀನಿ."

ಹಿಂದಿನ ಬಾಗಿಲ ತನಕ ಅವರು ನನ್ನ ಜೊತೆ ಬಂದರು. "ಅವಳು ಹೋದರೆ ನನಗೆ ಅಲ್ಲ ಅನ್ನೋರು ಯಾರು?" ಎಂದರು. ಮನೆಗೆ ಬಂದು ಬೇಸ್‌ಮೆಂಟಿನಲ್ಲಿ ದೇವರ ಮುಂದೆ ಕೂತು ಅದೇ ಪ್ರಶ್ನೆಯನ್ನು ರಾಯರ ಪಾದಕ್ಕೆ ಹಾಕಿದೆ.

ಕೊನೆಯ ವಿಷಯ

ಆ ಬೇಸಿಗೆಯಲ್ಲಿ ಆಸ್ಪತ್ರೆಯಿಂದಲೇ ಕರೆ ಬಂತು. ಇನ್ನೊಂದು ಸುತ್ತು ಕೀಮೋ ಕೊಡಬಹುದು, ಆದರೆ ಹೆಚ್ಚು ಭರವಸೆ ಇಲ್ಲ ಎಂದಿದ್ದರು ಡಾಕ್ಟರು. ಯಜಮಾನರಿಗೆ ಆ ಸುತ್ತು ಬೇಕು. ಆಕೆಗೆ ಮನೆ ಬೇಕು, ತನ್ನ ಅಡಿಗೆಮನೆಯ ಕಿಟಕಿ ಬೇಕು.

"ಪದ್ಧತಿ ಪ್ರಕಾರವೇ ಆಗಲಿ" ಎಂದಳು ಆಕೆ.

"ಆಸ್ಪತ್ರೆ" ಎಂದು ಯಜಮಾನರು ತಮ್ಮ ಕೈ ಎತ್ತಿ ಇಳಿಸಿದರು. ಆಮೇಲೆ "ಮನೆ ಅನ್ನೋರು?" ಎಂದು ಕೇಳಿದರು. ಆಕೆ ಕೈ ಎತ್ತಲು ನೋಡಿದಳು. ಮೊಣಕೈ ಹಾಸಿಗೆ ಬಿಟ್ಟು ಏಳಲಿಲ್ಲ. ಇನ್ನೊಮ್ಮೆ ನೋಡಿದಳು, ಆಗಲಿಲ್ಲ. ಆಗ ಯಜಮಾನರು ಬಗ್ಗಿ, ಆ ಕೈಯ ಕೆಳಗೆ ತಮ್ಮ ಕೈ ಕೊಟ್ಟು, ಮೆಲ್ಲಗೆ ಮೇಲೆತ್ತಿ ಹಿಡಿದರು. ತಮ್ಮ ವಿರುದ್ಧದ ಮತವನ್ನು ತಾವೇ ಎತ್ತಿ ಹಿಡಿದು ನನ್ನತ್ತ ನೋಡಿದರು.

ನನ್ನ ಕೈ ತಾನಾಗಿಯೇ ಎದ್ದಿತು, ಆಕೆಯ ಕಡೆಗೆ. ಎತ್ತಿಸಿದ್ದು ರಾಯರು ಎಂದೇ ಇವತ್ತಿಗೂ ನಂಬಿದ್ದೇನೆ.

ಯಜಮಾನರು ಕಣ್ಣೊರೆಸಿಕೊಂಡು, "ಎರಡಕ್ಕೆ ಒಂದು. ಮನೆ" ಎಂದರು.

"ನೋಡಿದ್ರಾ" ಎಂದಳು ಆಕೆ ನನ್ನ ಕಡೆ ತಿರುಗಿ, "ಕೊನೆಗೂ ಒಂದೇ ಕೈ ಎತ್ತೋಕೆ ಕಲಿತ್ರಿ."

ಮೇಪಲ್ ಎಲೆ ಕೆಂಪಾಗುವುದನ್ನು ಆ ಕಿಟಕಿಯಿಂದ ನೋಡಿಯೇ ಆಕೆ ಹೋದಳು.

ಬಾಕಿ ವಿಷಯ

ಆಮೇಲೆ ಆ ಮನೆ ಮೌನವಾಯಿತು. ನಮ್ಮವಳು ಡಬ್ಬಿಯಲ್ಲಿ ಮೊಸರನ್ನ ಕಳಿಸಿದರೆ ಯಜಮಾನರು ಖಾಲಿ ಡಬ್ಬಿ ತೊಳೆದು ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಒಂದು ದಿನ ಹಿಡಿದು ಮಾತಾಡಿಸಿದೆ.

"ಮನೇಲಿ ಈಗ ಎಲ್ಲವೂ ಒಮ್ಮತದಿಂದ ಪಾಸಾಗತ್ತೆ ನೆರೆಯವರೇ" ಎಂದರು. "ಸೂಪಿಗೆ ಎಷ್ಟು ಉಪ್ಪು ಹಾಕಿದ್ರೂ ಸರಿ. ಇದನ್ನ ತಡ್ಕೊಳ್ಳೋಕಾಗ್ತಿಲ್ಲ."

ಚಳಿಗಾಲ ಕಳೆದು, ಹಿಮ ಕರಗಿ, ಹುಲ್ಲು ಮೊಣಕಾಲಿಗೆ ಬಂತು. ಯಜಮಾನರು ಅದನ್ನು ಮುಟ್ಟಲೇ ಇಲ್ಲ. ಒಂದು ಭಾನುವಾರ ಬೆಳಿಗ್ಗೆ ಪೂಜೆಗೆ ಕೂತಿದ್ದೆ, ಪಕ್ಕದ ಅಂಗಳದಲ್ಲಿ ಯಂತ್ರ ಗುಡುಗಿತು. ಈ ಮನುಷ್ಯನಿಗೆ ಏನೋ ಆಗಿದೆ ಎಂದು ಮಡಿಪಂಚೆಯಲ್ಲೇ ಓಡಿದೆ.

ಅಂಗಳದ ಅರ್ಧ ಕತ್ತರಿಸಿ ನಿಂತಿದ್ದರು. ಮುಖವೆಲ್ಲ ಕಣ್ಣೀರು. ಯಂತ್ರ ಆಫ್ ಮಾಡಿದರು.

"ಇದೊಂದು ವಿಷಯ ಬಾಕಿ ಉಳಿದಿತ್ತು. ಭಾನುವಾರ ಕತ್ತರಿಸಬಹುದು ಅಂತ ಅವಳು, ಬಾರದು ಅಂತ ನಾನು. ನಿಮ್ಮ ಮತ?"

ಆಕೆಯನ್ನು ನೆನೆದು, ರಾಯರನ್ನು ನೆನೆದು, ಎರಡೂ ಕೈ ತಲೆಯ ಮೇಲೆ ಹೋದವು. ಅಸಿಂಧು ಅನ್ನುತ್ತಾರೆ ಎಂದುಕೊಂಡೆ. ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು.

"ಒಂದು ನಿಮ್ಮದು" ಎಂದರು. "ಇನ್ನೊಂದು ಅವಳದು. ಎರಡಕ್ಕೆ ಒಂದು. ನಾನು ಸೋತೆ." ಮತ್ತೆ ಯಂತ್ರ ಗುಡುಗಿತು.

ಅಷ್ಟರಲ್ಲಿ ನಮ್ಮ ಹಿಂಬಾಗಿಲು ತೆರೆಯಿತು. ನಮ್ಮವಳು ಸೌಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಅದುವರೆಗೆ ಆ ಮನೆಯ ಯಾವ ಚರ್ಚೆಗೂ ಬಾಯಿ ಹಾಕದವಳು.

"ಭಾನುವಾರ ಬೆಳಿಗ್ಗೆ ಇದೇನು ಗಲಾಟೆ? ಒಳಗೆ ದೇವರ ದೀಪ ಉರೀತಿದೆ. ಇವತ್ತು ಹುಲ್ಲು ಕತ್ತರಿಸಕೂಡದು" ಎಂದು ಇಂಗ್ಲಿಷಿನಲ್ಲೇ ಹೇಳಿ, ಸೌಟು ಹಿಡಿದ ಕೈಯನ್ನು ನೆಟ್ಟಗೆ ಮೇಲೆತ್ತಿದಳು.

ಯಜಮಾನರು ಯಂತ್ರ ನಿಲ್ಲಿಸಿದರು. ನಮ್ಮವಳ ಕೈ ನೋಡಿದರು, ನನ್ನ ಎರಡು ಕೈ ನೋಡಿದರು, ತಮ್ಮದನ್ನೂ ಎತ್ತಿದರು.

"ಎರಡಕ್ಕೆ ಎರಡು" ಎಂದರು. "ಸಮ." ಆಮೇಲೆ ಹುಲ್ಲಿನ ಮೇಲೆಯೇ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ವಿಷಯ ಇನ್ನೂ ಬಾಕಿ ಇದೆ. ಅವರ ಅಂಗಳದಲ್ಲಿ ಅರ್ಧ ಹುಲ್ಲು ಗಿಡ್ಡ, ಇನ್ನರ್ಧ ಮೊಣಕಾಲುದ್ದ. ದಾರಿಯಲ್ಲಿ ಹೋಗುವವರು ಕೇಳಿದರೆ ಯಜಮಾನರು ಎದೆಯುಬ್ಬಿಸಿ ನಮ್ಮ ಅಡಿಗೆಮನೆಯ ಕಡೆ ಕೈ ತೋರುತ್ತಾರೆ, "ಏನು ಮಾಡೋದು, ವಿರೋಧ ಪಕ್ಷ ಒಪ್ತಿಲ್ಲ."