ಅಲುಗಾಡಬೇಡಿ ಮಾಮನ ವಿಮಾನ

ಎಲ್ಲಕ್ಕೂ ಕಾರಣ, ಪಕ್ಕದಂಗಡಿಯ ಬೇಕರಿಯವರು ಬೆಳಿಗ್ಗೆ ಬನ್ನು ಜೋಡಿಸುತ್ತ ಆಡಿದ ಒಂದು ಮಾತು.

"ಮಗಳ ಮದುವೆ ಫೋಟೋಗೆ ಬೇರೆಯವರಿಗೆ ಹೇಳೋಣ ಅಂತಿದ್ದೀನಿ ಮಾಮ. ಬೇಜಾರು ಮಾಡ್ಕೋಬೇಡಿ. ಮದುವೇಲಿ ಜನ ಓಡಾಡ್ತಾರೆ, ಕುಣೀತಾರೆ. ನಿಮ್ಮ ಕ್ಯಾಮೆರಾದಲ್ಲಿ ಕೂತಿರೋರು ಮಾತ್ರ ಬರ್ತಾರೆ."

ಸ್ಟುಡಿಯೋ ಮಾಮ ಇಪ್ಪತ್ತಾರು ವರ್ಷದಿಂದ ತೆಗೆದದ್ದು ಅರ್ಜಿಗೆ ಅಂಟಿಸುವ ಫೋಟೋಗಳನ್ನೇ. ಒಂದು ಸ್ಟೂಲು, ಒಂದು ನೀಲಿ ಪರದೆ, "ಅಲುಗಾಡಬೇಡಿ" ಎಂಬ ಒಂದು ಮಾತು. ಆ ಮಾತೇ ಬೀದಿಯಲ್ಲಿ ಅವರ ಹೆಸರಾಗಿತ್ತು. ಬೇಕರಿಯವರು ಹೇಳಿದ್ದು ಉಗುರುಸಂದಿಗೆ ಸಿಬಿರು ಹೊಕ್ಕಂತಾಯಿತು.

"ಇವತ್ತು ವಿಮಾನ ಪ್ರದರ್ಶನ ಇದೆ. ಹಾರೋ ವಿಮಾನಾನೇ ಹಿಡಿದು ಸಂಜೆ ನಿಮ್ಮ ಕಣ್ಮುಂದೆ ಇಡ್ತೀನಿ!"

"ಇಟ್ರೆ ಮದುವೆ ನಿಮ್ದೇ."

ಮಾಮನ ಜೊತೆ ಹೆಂಡತಿ ಕೊಡೆ ಹಿಡಿದು ಹೊರಟಳು. ಅವಳ ತಮ್ಮ ಬಿಟ್ಟಿ ಸಲಹೆಗಳ ಮೂಟೆ ಹೊತ್ತು ಹಿಂದೆ ಬಂದ.

ಮೈದಾನದಲ್ಲಿ ಮೊದಲ ಜೆಟ್ ಗುಡುಗಿತು. ಮಾಮ ಒತ್ತಿದರು. ನೋಡಿದರೆ ಆಕಾಶಕ್ಕೆ ಯಾರೋ ಸುಣ್ಣದ ಬ್ರಷ್ ಎಳೆದಂತಿತ್ತು.

"ಭಾವ, ಷಟರ್ ವೇಗ ಇನ್ನೂ ಸ್ಟುಡಿಯೋದ ನೂರಿಪ್ಪತ್ತೈದರಲ್ಲೇ ಇದೆ! ಜೆಟ್‌ಗೆ ಎರಡು ಸಾವಿರ ಇಡಿ, ಓಡೋದೂ ನಿಂತ ಹಾಗೆ ಬರುತ್ತೆ."

ಇಟ್ಟರು. ಈ ಸಲ ವಿಮಾನ ಹತ್ತಿರ ಬಂದಷ್ಟೂ ಮಸುಕಾಯಿತು.

"ಫೋಕಸ್ ಒಂದ್ಸಲ ಹಿಡಿದು ಬಿಡೋದಲ್ಲ ಭಾವ. ಅದು ವಿಮಾನದ ಬೆನ್ನು ಹತ್ತಿ ಹೋಗೋ ಹಾಗೆ ಇಡ್ಬೇಕು."

ಅದನ್ನೂ ಇಟ್ಟರು. ಅಷ್ಟರಲ್ಲಿ ಹೆಂಡತಿ, "ರೀ, ಅಲ್ಲಿ! ಅಲ್ಲಿ!" ಎಂದು ಮೊಣಕೈ ಎಳೆದಳು. ಕೊಡೆಯ ಕಡ್ಡಿಗಳು ಬಹಳ ಸ್ಪಷ್ಟವಾಗಿ ಬಂದವು.

"ಕೊಡೇನೂ ಹಾರ್ತಿತ್ತು ಅನ್ನಿ ಭಾವ," ಎಂದ ಬಾಮೈದ.

ಮಾಮ ಹಲ್ಲು ಕಚ್ಚಿದರು. ಬೆವರು ಕಣ್ಣಿಗಿಳಿದರೂ ಕ್ಯಾಮೆರಾ ಇಳಿಸಲಿಲ್ಲ. ಉಳಿದದ್ದು ಕೊನೆಯ ಒಂದೇ ವಿಮಾನ. ಮೂತಿಯಲ್ಲಿ ಗರಗರ ತಿರುಗುವ ದೊಡ್ಡ ಪಂಕವಿದ್ದ, ಕೆಂಪು ಬಣ್ಣದ ಹಳೆಯದು.

"ಪಂಕ ಇರೋದಕ್ಕೆ ಇನ್ನೂರೈವತ್ತಕ್ಕೆ ಇಳಿಸಿ ಭಾವ. ಪಂಕ ಸ್ವಲ್ಪ ಮಸುಕಾಗಿ ಬಂದ್ರೇನೇ ಚಂದ."

"ಮಸುಕಾದ್ದನ್ನ ಯಾವ ಅರ್ಜಿಗೆ ಅಂಟಿಸ್ತೀಯೋ? ಇಪ್ಪತ್ತಾರು ವರ್ಷದಲ್ಲಿ ಒಂದಾದ್ರೂ ಅಲುಗಾಡಿದ ಫೋಟೋ ಕೊಟ್ಟಿದ್ದೀನಾ ನಾನು?"

ಇಳಿಸುವುದಿರಲಿ, ನಾಲ್ಕು ಸಾವಿರಕ್ಕೆ ಏರಿಸಿದರು. ಕಾಲು ಅಗಲಿಸಿ, ಉಸಿರು ಕಟ್ಟಿ, ವಿಮಾನದ ಜೊತೆಗೇ ಸೊಂಟ ತಿರುಗಿಸುತ್ತ ಹೋದರು. ಅದು ನೆತ್ತಿಯ ಮೇಲೆ ಬಂದಾಗ ಅಭ್ಯಾಸಬಲದಿಂದ, "ಅಲುಗಾಡಬೇಡೀ!" ಎಂದು ಕೂಗಿಯೇಬಿಟ್ಟರು. ಸುತ್ತಲ ಜನ ವಿಮಾನ ಬಿಟ್ಟು ಮಾಮನನ್ನು ನೋಡಿದರು.

ಆದರೆ ಫೋಟೋ ಬಿತ್ತು! ರೆಕ್ಕೆಯ ಮೊಳೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಸಂಜೆ ಅದನ್ನು ದೊಡ್ಡದಾಗಿ ಅಚ್ಚು ಹಾಕಿ ಅಂಗಡಿಯ ಗಾಜಿಗೆ ಅಂಟಿಸಿದರು. ಬೇಕರಿಯವರು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದು, ಮೂಗು ಗಾಜಿಗೆ ತಾಗುವಂತೆ ಬಗ್ಗಿ ನೋಡಿದರು.

"ಬಹಳ ಚೆನ್ನಾಗಿದೆ ಮಾಮ. ಆದ್ರೆ ಪಂಕ ನಿಂತೇ ಇದೆಯಲ್ಲ?"

"ನಿಂತಿಲ್ರೀ! ತಿರುಗ್ತಿತ್ತು! ನಾನು ನಿಲ್ಲಿಸಿದ್ದು!"

"ಆಕಾಶದಲ್ಲಿ ಪಂಕ ನಿಂತ್ರೆ ವಿಮಾನ ಬೀಳಲ್ವಾ?" ಬೇಕರಿಯವರು ದನಿ ತಗ್ಗಿಸಿದರು. "ಇದು ಆಟದ ವಿಮಾನ ಅಲ್ವಾ? ನನ್ನ ಹತ್ರ ಯಾಕೆ ಮುಚ್ಚುಮರೆ? ಹಿಂದಿರೋ ನೀಲಿ ಪರದೇನೂ ನಿಮ್ಮದೇ. ಅದರ ಮುಂದೆ ನಾನೇ ನಾಲ್ಕು ಸಲ ಕೂತಿದ್ದೀನಿ."

ಮಾಮ ಸಾಕ್ಷಿಗಾಗಿ ಬಾಮೈದನ ಕಡೆ ತಿರುಗಿದರು. ಅವನು, "ನಾನಾಗ್ಲೇ ಹೇಳಿದ್ದೆ," ಎಂದು ಬೇಕರಿಯವರ ಬನ್ನು ಕಚ್ಚಿದ.

ಮದುವೆಯ ಕೆಲಸ ಕೈತಪ್ಪಿಹೋಯಿತು.

ಅಂಗಡಿ ಮುಚ್ಚುವ ಮೊದಲು ಎದುರುಮನೆಯ ಅಜ್ಜಿ ಸೆರಗಿನ ಮರೆಯಿಂದ ಒಂದು ಪ್ಲಾಸ್ಟಿಕ್ ವಿಮಾನ ಹೊರತೆಗೆದರು.

"ಮೊಮ್ಮಗಂದು. ಗಾಜಿನ ಮೇಲಿದೆಯಲ್ಲಪ್ಪ, ಥೇಟ್ ಅದರ ಹಾಗೇ ಇದಕ್ಕೂ ಒಂದು ತೆಗೆದುಕೊಡು."

ಮಾಮ ನೀಲಿ ಪರದೆಯ ಸುಕ್ಕು ಬಿಡಿಸಿದರು. ವಿಮಾನವನ್ನು ಸ್ಟೂಲಿನ ಮೇಲಿಟ್ಟು, ಮೂತಿ ಕೊಂಚ ಎತ್ತಿ ನಿಲ್ಲಿಸಿ, ಷಟರನ್ನು ನೂರಿಪ್ಪತ್ತೈದಕ್ಕೆ ಇಳಿಸಿದರು.

"ಅಲುಗಾಡಬೇಡಿ," ಎಂದರು.