ಟಂಕಸಾಲೆಯ ತಪ್ಪು, ಊರಿನ ಪೆಟ್ಟು

ನಾಣ್ಯ ಕೂಡಿಡುವ ಹುಚ್ಚಿದೆ ಎಂದು ಊರಿಗೆ ಒಮ್ಮೆ ಗೊತ್ತಾದರೆ ಸಾಕು, ಸೊಟ್ಟಗಾದದ್ದು, ಸವೆದದ್ದು, ಸುಟ್ಟದ್ದು ಎಲ್ಲವೂ ತಾನಾಗಿ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ತೊಂಬತ್ತರ ದಶಕದಲ್ಲಿ ನಂಜನಗೂಡಿನ ಬಸ್ ನಿಲ್ದಾಣದ ಎದುರು ನನ್ನದೊಂದು ವಾಚ್ ರಿಪೇರಿ ಅಂಗಡಿ ಇತ್ತು. ಆಗ ನನಗಿದ್ದದ್ದು ಒಂದೇ ಆಸೆ: ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ ನಾಣ್ಯ ಒಂದಾದರೂ ನನ್ನದಾಗಬೇಕು. ಟಂಕಸಾಲೆ ಎಂದರೆ ಸರ್ಕಾರ ನಾಣ್ಯ ಅಚ್ಚು ಹಾಕಿಸುವ ಜಾಗ. ಅಲ್ಲಿ ಆದ ತಪ್ಪಿಗೆ ಬೆಲೆಯುಂಟು. ಹೊರಗೆ ಬಂದ ಮೇಲೆ ತಿಂದ ಪೆಟ್ಟಿಗೆ ಇಲ್ಲ. ಇದನ್ನೆಲ್ಲ ಟಿ. ನರಸೀಪುರಕ್ಕೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರನಿಗೆ ಬಿಡಿಸಿ ಹೇಳಿದ್ದೆ. ಅವನ ಚೀಲದಲ್ಲಿ ದಿನವೂ ರಾಶಿ ಚಿಲ್ಲರೆ ಇರುತ್ತಿತ್ತಲ್ಲ, ಅದಕ್ಕೆ.

ಬಿಸಿ ರೂಪಾಯಿ

ಅವನು ಮೊದಲು ತಂದದ್ದು ಹಪ್ಪಳದಂತೆ ಚಪ್ಪಟೆಯಾದ ಒಂದು ರೂಪಾಯಿ. ಅಂಚೇ ಇಲ್ಲ, ಅಕ್ಷರಗಳೆಲ್ಲ ಒಂದೇ ಕಡೆಗೆ ಎಳೆದುಕೊಂಡಿವೆ.

"ಎಲ್ಲಿ ಸಿಕ್ತಪ್ಪಾ?"

"ರೈಲ್ವೆ ಗೇಟ್ ಅತ್ರ, ಕಂಬಿ ಪಕ್ಕ."

"ರೈಲು ಹತ್ತಿರೋದು ಕಣೋ ಇದರ ಮೇಲೆ!"

ಅವನ ಮುಖ ಬಾಡಿತು. "ಮುಟ್ದಾಗ ಇನ್ನೂ ಬಿಸಿ ಇತ್ತಣ್ಣ. ಈಗ್ತಾನೆ ಟಂಕಸಾಲೆಯಿಂದ ಬಂದದೆ ಅನ್ಕಂಡೆ."

ಎರಡೂ ಕಡೆ ಸಿಂಹ

ಕಂಡಕ್ಟರ್ ಹುಲ್ಲಹಳ್ಳಿಯವನು, ಅಲ್ಲಿನ ಕ್ರಿಕೆಟ್ ತಂಡದ ಕ್ಯಾಪ್ಟನ್ ಕೂಡ. ಅವನ ತಂಡ ಮ್ಯಾಚ್ ಸೋಲುತ್ತಿತ್ತೇ ಹೊರತು ಟಾಸ್ ಸೋಲುತ್ತಿರಲಿಲ್ಲ. ಆ ಟಾಸ್ ನಾಣ್ಯವನ್ನೇ ಒಂದು ದಿನ ತಂದ. ತಿರುಗಿಸಿ ನೋಡಿದರೆ ಎರಡೂ ಕಡೆ ಸಿಂಹ! ಆದರೂ ಪರೀಕ್ಷೆ ಆಗಬೇಕಲ್ಲ, ಗಾಜಿನ ಮೇಜಿನ ಮೇಲೆ ಬೀಳಿಸಿದೆ. ಒಳ್ಳೆಯ ನಾಣ್ಯ 'ಠಣ್' ಅನ್ನಬೇಕು. ಇದು 'ಟಪ್' ಅಂದು ಎರಡು ಹೋಳಾಯಿತು. ಯಾರೋ ಎರಡು ನಾಣ್ಯಗಳ ಒಂದೊಂದು ಬದಿ ತೇಯ್ದು ಅಂಟಿಸಿದ್ದರು.

ಕಂಡಕ್ಟರ್ ಹೋಳುಗಳನ್ನು ಆಯ್ದುಕೊಂಡ. "ಓಗ್ಲಿ ಬುಡಣ್ಣ, ಬೇಜಾರ್ ಮಾಡ್ಕಬ್ಯಾಡ. ಭಾನ್ವಾರ ಬನ್ನೂರ್ನೋರ್ ಜೊತೆ ಮ್ಯಾಚದೆ, ಅಷ್ಟ್ರೊಳ್ಗೆ ಅಂಟಿಸ್ಕೊಟ್ಬುಡು."

ಜಾರಿದ ಅಚ್ಚು

ಕೊನೆಗೂ ನಿಜವಾದದ್ದು ಸಿಕ್ಕಿತು. ಈಗ ಆ ಅಂಗಡಿಯೂ ಇಲ್ಲ, ಆ ಬಸ್ಸೂ ಇಲ್ಲ, ಆ ಸಂಜೆ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಅವನು ತಂದ ರೂಪಾಯಿಯಲ್ಲಿ ಅಚ್ಚು ಒಂದು ಪಕ್ಕಕ್ಕೆ ಜಾರಿ, ಇನ್ನೊಂದು ಪಕ್ಕ ಬಿದಿಗೆ ಚಂದ್ರನಷ್ಟು ಜಾಗ ಖಾಲಿ ಉಳಿದಿತ್ತು. ಲೆನ್ಸ್ ಹಾಕಿ ನೋಡಿದೆ. ಉಜ್ಜಿದ ಗೀರಿಲ್ಲ, ತಟ್ಟಿದ ಗುರುತಿಲ್ಲ. ಟಂಕಸಾಲೆಯದೇ ತಪ್ಪು!

"ಅವ್ವಂಗೆ ತೋರ್ಸ್ಬುಟ್ಟು ನಾಳೆ ತತ್ತೀನಣ್ಣ," ಅಂದ.

"ತೊಳೀಬೇಡ, ಉಜ್ಜಬೇಡ, ತಟ್ಟಬೇಡ. ಮುಖ್ಯವಾಗಿ ಕಳೀಬೇಡ ಕಣಪ್ಪ!"

ಮರುದಿನ ಬರಿಗೈಯಲ್ಲಿ ಬಂದ. ನನಗೆ ಜೀವ ಹೋದಂತಾಯಿತು. "ಎಲ್ಲೋ ಅದು?"

ಅವನು ಹೆಮ್ಮೆಯಿಂದ ಅಂಗಿ ಎತ್ತಿದ. ಸೊಂಟದ ಉಡಿದಾರದಲ್ಲಿ ನನ್ನ ರೂಪಾಯಿ ನೇತಾಡುತ್ತಿತ್ತು. ನಮ್ಮ ಕಡೆ ಗಂಡಸರು ಕಳೆಯಬಾರದ ತಾಯಿತ, ಬೀಗದ ಕೈಗಳನ್ನೆಲ್ಲ ಕಟ್ಟಿಕೊಳ್ಳುವುದು ಅಲ್ಲೇ.

"ತೂತು ಹಾಕಿಸಿಬಿಟ್ಟೆಯೇನೋ!" ಎಂದು ಕೂಗಿದೆ.

"ಗಾಬ್ರಿ ಬೀಳ್ಬ್ಯಾಡಣ್ಣ. ತೊಳ್ದಿಲ್ಲ, ಉಜ್ಜಿಲ್ಲ, ಅಕ್ಸರದ್ ಮ್ಯಾಲೆ ಒಂದ್ ಗೀರೂ ಬಿದ್ದಿಲ್ಲ. ಖಾಲಿ ಇತ್ತಲ್ಲ, ಅಲ್ಲೇ ತೂತಾಕ್ಸಿವ್ನಿ." ಆಮೇಲೆ ನನಗೇ ಸಮಾಧಾನ ಹೇಳುವವನಂತೆ ಹತ್ತಿರ ಬಂದ. "ಟಂಕಸಾಲೆಯೋರ್ ತಪ್ಪೇನೂ ಮಾಡಿಲ್ಲ ಕಣಣ್ಣ. ದಾರ ಪೋಣ್ಸಕ್ಕೆ ಅಂತ್ಲೇ ಜಾಗ ಬುಟ್ಟವ್ರೆ!"